ಖಾತೆ ಇದ್ದ ಮಾತ್ರಕ್ಕೆ ಮನೆ ಕಟ್ಟಬಹುದಾ?

ಓದುಗರ ಪತ್ರ: ಕುಶಾಲನಗರದ ಹತ್ತಿರ ಹೊಸ ಬಡಾವಣೆಯೊಂದರಲ್ಲಿ 30×40 ಸೈಟ್ ನೋಡಿದ್ದೇವೆ. ಮಾರುವವರು ಪಂಚಾಯಿತಿಯ 11ಬಿ ಖಾತೆ ತೋರಿಸಿ, ‘ಕಂದಾಯ ಕಟ್ಟುತ್ತಿದ್ದೇವೆ, ಇನ್ನೇನು ಬೇಕು?’ ಎನ್ನುತ್ತಾರೆ. ಕೆಳಗೆ ನಾವಿದ್ದು, ಮೇಲೆ ಎರಡು ಮಹಡಿ ಬಾಡಿಗೆಗೆ ಕಟ್ಟುವ ಆಸೆ. ಕಟ್ಟಬಹುದಾ?

ಸಂಪಾದಕರ ಉತ್ತರ:

ಎಷ್ಟು ಮಹಡಿ ಎನ್ನುವುದು ಆಮೇಲಿನ ಮಾತು. ಮೊದಲು ಅದು ಮನೆ ಕಟ್ಟುವ ಜಾಗ ಹೌದೋ ಅಲ್ಲವೋ ನೋಡೋಣ.

ಭೂಪರಿವರ್ತನೆಯಾಗಿ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸಲು ಒಪ್ಪಿಗೆ ಸಿಕ್ಕಿ), ಬಡಾವಣೆಯ ನಕ್ಷೆಗೆ ಅನುಮೋದನೆ ಸಿಕ್ಕಿದ ಸೈಟಿಗೆ ಪಂಚಾಯಿತಿ ಕೊಡುವುದು ನಮೂನೆ 9 ಮತ್ತು 11ಎ. ಆ ಲೆಕ್ಕಕ್ಕೆ ಬರದ ಆಸ್ತಿ 11ಬಿಗೆ ಹೋಗುತ್ತದೆ. ಅಂದರೆ ಅವರು ಧೈರ್ಯವಾಗಿ ತೋರಿಸಿದ ಕಾಗದವೇ ಏನೋ ಕಮ್ಮಿಯಿದೆ ಎಂದು ಹೇಳುತ್ತಿದೆ, ಅಲ್ವಾ? ಕಂದಾಯದ ರಸೀದಿ ತೆರಿಗೆ ಕಟ್ಟಿದ್ದಕ್ಕೆ ಸಾಕ್ಷಿ, ಅಷ್ಟೇ. ಅದು ಕಟ್ಟಡದ ಪರವಾನಗಿ ಅಲ್ಲ.

ಕೃಷಿ ಜಮೀನಾಗಿದ್ದರೆ 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಂತೆ ಜಿಲ್ಲಾಧಿಕಾರಿಯ ಪರಿವರ್ತನೆ ಆದೇಶ ಇರಬೇಕು. ಆದೇಶದಲ್ಲಿ ‘ವಾಸಕ್ಕಾಗಿ’ ಎಂದಿದೆಯೇ ಎಂದು ಓದಿ ನೋಡಿ. ಊರಿಗೆ ಮಹಾಯೋಜನೆ (ಮಾಸ್ಟರ್ ಪ್ಲಾನ್: ಯಾವ ಜಾಗ ಯಾವ ಬಳಕೆಗೆ ಎಂದು ಗುರುತಿಸಿದ ನಕ್ಷೆ) ಇದ್ದರೆ, ಆ ಸರ್ವೆ ನಂಬರ್ ನಕ್ಷೆಯ ಯಾವ ಬಣ್ಣದಲ್ಲಿ ಬಿದ್ದಿದೆ ಎಂಬುದೂ ಮುಖ್ಯ. ಹಳದಿ ವಾಸಕ್ಕೆ, ನೀಲಿ ವ್ಯಾಪಾರಕ್ಕೆ, ಹಸಿರು ಉದ್ಯಾನಕ್ಕೆ. ಆಮೇಲೆ ಬಡಾವಣೆಯ ಅನುಮೋದಿತ ನಕ್ಷೆ ಕೇಳಿ. ನಿಮ್ಮ ಸೈಟ್ ನಂಬರ್ ಅದರಲ್ಲಿರಬೇಕು. ಪಾರ್ಕಿಗೆ ಬಿಟ್ಟ ಜಾಗಕ್ಕೂ ನಂಬರ್ ಹಾಕಿ ಮಾರುವವರಿದ್ದಾರೆ. 500 ಚದರ ಮೀಟರ್ ದಾಟಿದ ಬಡಾವಣೆಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯೂ ಬೇಕು. ಆ ನಂಬರನ್ನು ಮನೆಯಲ್ಲೇ ಕೂತು ಪರೀಕ್ಷಿಸಬಹುದು. ಇಷ್ಟೂ ಸರಿಯಿದ್ದರೆ ಮಾತ್ರ ಪಂಚಾಯಿತಿಗೋ ಪುರಸಭೆಗೋ ಮನೆಯ ನಕ್ಷೆ ಹಿಡಿದು ಹೋಗುವುದು.

ನಮ್ಮ ಕೊಡಗು ಜಿಲ್ಲೆಯ ಇನ್ನೊಂದು ತೊಡಕು ಹೊರಗಿನವರಿಗೆ ಬೇಗ ಅರ್ಥವಾಗುವುದಿಲ್ಲ. ಜಾಗ ಮೂಲದಲ್ಲಿ ಜಮ್ಮಾ ಬಾಣೆಯೇ (ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಹಿಡುವಳಿಯೇ) ಎಂದು ಕೇಳಿ. ಪಹಣಿಯಲ್ಲಿ ಪಟ್ಟೇದಾರರ (ಮನೆತನದ ಹಿರಿಯರ) ಜೊತೆ ಒಕ್ಕದ, ಅಂದರೆ ಮನೆತನದ, ಹತ್ತಾರು ಹೆಸರಿದ್ದು, ಅವರಲ್ಲಿ ಒಬ್ಬರೇ ಬಂದು ಮಾರಿದ್ದರೆ ನಾಳೆ ಐನ್‌ಮನೆಯ (ಒಕ್ಕದ ಮೂಲಮನೆಯ) ಇನ್ನೊಬ್ಬರು ತಕರಾರು ತೆಗೆಯಬಹುದು. ಪೈಸಾರಿಯಾಗಿದ್ದರಂತೂ ಮಾತೇ ಬೇಡ, ಅದು ಸರ್ಕಾರದ್ದು.

ಈಗ ಮಹಡಿಗೆ ಬರೋಣ. 30×40 ಅಂದರೆ 1200 ಚದರಡಿ. ಅಲ್ಲಿನ ಎಫ್‌ಎಆರ್ (ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಎಂಬ ಮಿತಿ) 1.5 ಎಂದಿಟ್ಟುಕೊಳ್ಳಿ. ಎಲ್ಲ ಮಹಡಿ ಸೇರಿ 1800 ಚದರಡಿ ಕಟ್ಟಬಹುದು. ಸುತ್ತ ಜಾಗ ಬಿಟ್ಟ ಮೇಲೆ ಒಂದೊಂದು ಮಹಡಿ 700 ಬಂದರೂ ಮೂರಕ್ಕೆ 2100 ಆಯಿತು, ಮಿತಿ ದಾಟಿತು. ಮೇಸ್ತ್ರಿ ‘ಒಂದು ರೂಮು ಜಾಸ್ತಿ ಹಾಕೋಣ, ಯಾರು ನೋಡ್ತಾರೆ’ ಎಂದರೆ ಒಪ್ಪಬೇಡಿ. ನಕ್ಷೆಯಂತೆ ಕಟ್ಟದಿದ್ದರೆ ಸ್ವಾಧೀನಾನುಭವ ಪತ್ರ (ಒಸಿ: ಕಟ್ಟಡ ವಾಸಕ್ಕೆ ಸಿದ್ಧ ಎಂದು ಸ್ಥಳೀಯ ಸಂಸ್ಥೆ ಕೊಡುವ ಪತ್ರ) ಸಿಗುವುದು ಕಷ್ಟ. ಆ ಪತ್ರ ಇಲ್ಲದೆ ಕರೆಂಟು, ನೀರಿನ ಸಂಪರ್ಕ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಹೇಳಿದೆ. ಮೇಲಿನ ಮಹಡಿಯನ್ನು ಹೋಂಸ್ಟೇ ಮಾಡುವ ಯೋಚನೆಯಿದ್ದರೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಬೇರೆ.

ಕಾಗದ ಸರಿಯಿದ್ದರೂ ನೆಲ ಸರಿಯಿರಬೇಕಲ್ಲ. ಮಡಿಕೇರಿಯಲ್ಲಿ ನಾನು ಮನೆ ಕಟ್ಟಿದಾಗ ನಕ್ಷೆ ಬರೆದವರು ಜಾಗ ಸಮತಟ್ಟು ಎಂದು ತೋರಿಸಿದ್ದರು. ಮನೆಯ ಹಿಂದೆ ಎರಡಾಳೆತ್ತರದ ಬರೆ (ಗುಡ್ಡದ ಕಡಿದಾದ ಮಣ್ಣಿನ ಬದಿ) ಕಡಿದಿದ್ದೆವು. ತಡೆಗೋಡೆಗೆ ದುಡ್ಡು ಸಾಲದೆ ‘ಮುಂದಿನ ವರ್ಷ ನೋಡೋಣ’ ಎಂದು ಬಿಟ್ಟೆ. ಮೊದಲ ಮಳೆಗೇ ಮಣ್ಣು ಅಡುಗೆಮನೆ ಬಾಗಿಲಿಗೆ ಬಂತು. ಪರವಾನಗಿ ಇತ್ತು, ಮುದ್ರೆಯೂ ಇತ್ತು!

ಕುಶಾಲನಗರದಲ್ಲಿ ಬರೆಯ ಭಯ ಕಮ್ಮಿ, ಹೊಳೆಯ ಭಯ ಜಾಸ್ತಿ. 2018 ಮತ್ತು 2019ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿ ಬಡಾವಣೆಗಳಿಗೇ ನುಗ್ಗಿದ್ದನ್ನು ನಾವೆಲ್ಲ ನೋಡಿದ್ದೇವೆ. ಆ ಎರಡು ವರ್ಷ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಅಕ್ಕಪಕ್ಕದ ಹಳಬರನ್ನು ಕೇಳಿ. ಸಾಧ್ಯವಾದರೆ ಕಕ್ಕಡದ (ಜುಲೈ–ಆಗಸ್ಟ್ ಹೊತ್ತಿನ) ಮಳೆಯಲ್ಲೇ ಹೋಗಿ ಸೈಟ್ ನೋಡಿ. ಬೇಸಿಗೆಯಲ್ಲಿ ಎಲ್ಲ ಸೈಟೂ ಚಂದವೇ.

ಮುಂಗಡ ಕೊಟ್ಟಿದ್ದೀರಾ ಎಂದು ನೀವು ಬರೆದಿಲ್ಲ. ಕೊಟ್ಟಿಲ್ಲದಿದ್ದರೆ ಪರಿವರ್ತನೆ ಆದೇಶ ಮತ್ತು ಅನುಮೋದಿತ ನಕ್ಷೆಯ ಪ್ರತಿ ಕೈಗೆ ಬರುವವರೆಗೆ ಕೊಡಬೇಡಿ. ಕೊಟ್ಟಾಗಿದ್ದರೆ, ಇಂತಿಷ್ಟು ದಿನದಲ್ಲಿ ಆ ಎರಡು ಕಾಗದ ತರದಿದ್ದರೆ ದುಡ್ಡು ವಾಪಸ್ ಎಂದು ಕರಾರಿನಲ್ಲಿ ಬರೆಸಿಕೊಳ್ಳಿ.