ಅಕಿತಾದ ಅತ್ತೆಮನೆಯಲ್ಲಿ ಮೊದಲ ಓಬೋನ್

ಪ್ರಶ್ನೆ: ನಾನು ಸಾಗರದ ಕಡೆಯವಳು. ಬಿಡದಿಯ ಕಾರ್ಖಾನೆಯೊಂದಕ್ಕೆ ಕೆಲಸದ ಮೇಲೆ ಬಂದಿದ್ದ ಜಪಾನಿನ ಎಂಜಿನಿಯರ್ ಒಬ್ಬರನ್ನು ಮದುವೆಯಾಗಿ ಈಗ ಟೋಕಿಯೊದಲ್ಲಿದ್ದೇನೆ. ಅತ್ತೆ, ಮಾವ ಮದುವೆಗೆ ಬೆಂಗಳೂರಿಗೆ ಬಂದಿದ್ದರು. ಅಕಿತಾ ಪ್ರಾಂತ್ಯದ ಯೋಕೊತೆ ಬಳಿಯ ಅವರ ಹಳ್ಳಿಗೆ ನಾನಿನ್ನೂ ಹೋಗಿಲ್ಲ. ಈ ಆಗಸ್ಟ್‌ನಲ್ಲಿ ಪಿತೃಗಳನ್ನು ನೆನೆಯುವ ಓಬೋನ್ ಹಬ್ಬಕ್ಕೆ ಹೋಗುವುದೆಂದು ನಿಶ್ಚಯವಾಗಿದೆ. ನಾನು ಹುಟ್ಟಿನಿಂದ ಸಸ್ಯಾಹಾರಿ, ಮೊಟ್ಟೆಯನ್ನೂ ತಿನ್ನುವುದಿಲ್ಲ. ಬಡಿಸಿದ್ದನ್ನು ಬೇಡವೆಂದರೆ ಅವರಿಗೆ ನೋವಾದೀತೆಂಬ ಭಯ. ಹಿರಿಯರ ಕಾಲಿಗೆ ನಮಸ್ಕರಿಸಬಹುದೇ? ಮನೆಯವರೆಲ್ಲ ಒಂದೇ ತೊಟ್ಟಿಯ ನೀರಿಗೆ ಇಳಿಯುತ್ತಾರಂತೆ, ಅದಕ್ಕೂ ಅಳುಕು. ಅತ್ತೆ ನನ್ನನ್ನು ಅಡುಗೆಮನೆಗೆ ಬಿಡುವುದಿಲ್ಲವೆಂದು ಯಜಮಾನರು ಹೇಳುತ್ತಾರೆ. ಸೊಸೆಯಾದವಳು ಸುಮ್ಮನೆ ಕೂರಬಾರದೆಂದು ನಮ್ಮಮ್ಮ ಹೇಳುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಟೋಕಿಯೊ

ಉತ್ತರ: ಊಟದ ಮಾತನ್ನು ನೀವು ಆಡಬೇಕಾಗಿಲ್ಲ, ನಿಮ್ಮ ಯಜಮಾನರು ಆಡಬೇಕು, ಅದೂ ಊಟಕ್ಕೆ ಕುಳಿತಾಗಲ್ಲ, ಹೊರಡುವುದಕ್ಕೆ ಎರಡು ವಾರ ಮೊದಲೇ ಫೋನಿನಲ್ಲಿ. ಅಕಿತಾದ ತಾಯಂದಿರು ಮಗ, ಸೊಸೆ ಬರುತ್ತಾರೆಂದರೆ ದಿನಗಟ್ಟಲೆ ಮುಂಚೆಯೇ ಸಿದ್ಧತೆ ಮಾಡುತ್ತಾರೆ. ಆ ಸಿದ್ಧತೆಯೆಲ್ಲ ಮುಗಿದ ಮೇಲೆ ಎಲೆಯ ಮುಂದೆ ಬೇಡವೆಂದರೆ ನೋವಾಗುವುದು ಸಹಜ, ಮೊದಲೇ ತಿಳಿಸಿದರೆ ನೋವಿಗೆ ಕಾರಣವೇ ಇರುವುದಿಲ್ಲ. ಹೇಳುವಾಗ ‘ಮಾಂಸ ತಿನ್ನುವುದಿಲ್ಲ’ ಎಂದಷ್ಟೇ ಹೇಳಿದರೆ ಸಾಲದು. ಅಲ್ಲಿನ ಮಿಸೊ ಸಾರು, ಬೇಯಿಸಿದ ತರಕಾರಿ, ನೂಡಲ್ಸ್ ಅದ್ದಿ ತಿನ್ನುವ ರಸ, ಇವೆಲ್ಲಕ್ಕೂ ಸಾಮಾನ್ಯವಾಗಿ ಒಣಮೀನಿನಿಂದ ತೆಗೆದ ‘ದಾಶಿ’ ಎಂಬ ತಿಳಿಸಾರೇ ಆಧಾರವಾಗಿರುವುದರಿಂದ, ಕಣ್ಣಿಗೆ ತರಕಾರಿಯಾಗಿ ಕಾಣುವುದು ನಿಮಗೆ ಸಲ್ಲುವುದಿಲ್ಲ. ಕೊಂಬು ಎಂಬ ಕಡಲಪಾಚಿಯಿಂದಲೋ ಒಣ ಶಿಯಿತಾಕೆ ಅಣಬೆಯಿಂದಲೋ ದಾಶಿ ತೆಗೆಯಬಹುದೇ ಎಂದು ಅವರು ವಿನಯದಿಂದ ಕೇಳಲಿ. ಅದಕ್ಕಿಂತ ಸುಲಭದ ದಾರಿಯೆಂದರೆ ‘ಶೋಜಿನ್ ಊಟ’ ಎಂದುಬಿಡುವುದು. ಮೀನು, ಮಾಂಸ, ಮೊಟ್ಟೆ ಮಾತ್ರವಲ್ಲ, ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಿಟ್ಟ ಬೌದ್ಧ ಮಠಗಳ ಅಡುಗೆಯದು. ಹಳ್ಳಿಯ ಹಿರಿಯರಿಗೆ ಅದು ಹೊಸತಲ್ಲ. ಓಬೋನ್‌ನಲ್ಲಿ ಪಿತೃಗಳಿಗೆ ಇಡುವ ಊಟವೂ ಸಂಪ್ರದಾಯದಂತೆ ಇದೇ ಬಗೆಯದಾದ್ದರಿಂದ, ನಿಮ್ಮ ಆಹಾರ ಆ ಮನೆಗೆ ಪರಕೀಯವೆಂದು ಮೊದಲೇ ಅಂದುಕೊಳ್ಳಬೇಡಿ. ಅಕಿತಾಕೊಮಾಚಿ ಅಕ್ಕಿಯ ಅನ್ನ, ಹೊಗೆಯಲ್ಲಿ ಒಣಗಿಸಿದ ಮೂಲಂಗಿಯ ಉಪ್ಪಿನಕಾಯಿ, ಎಳೆ ಸೋಯಾಕಾಯಿ, ತೋಫು, ಬದನೆಕಾಯಿ ಆಗಸ್ಟ್‌ನಲ್ಲಿ ಅಲ್ಲಿ ಧಾರಾಳವಾಗಿ ಸಿಗುತ್ತವೆ. ಶೊತ್ಸುರು ಎಂಬ ಮೀನಿನ ರಸ ಮತ್ತು ಕೋಳಿಯ ಸಾರಿನಲ್ಲಿ ಕುದಿಸುವ ಕಿರಿತಾಂಪೊ ಎಂಬ ಅನ್ನದ ಕಡುಬು, ಈ ಎರಡರ ವಿಷಯದಲ್ಲಿ ಮಾತ್ರ ಎಚ್ಚರವಿರಲಿ.

ಕಾಲಿಗೆ ಬೀಳುವುದು ಅಲ್ಲಿ ಯಾರಿಗೂ ಪರಿಚಿತವಲ್ಲ, ಅತ್ತೆ ಗಾಬರಿಯಾದಾರು. ಚಾಪೆಯ ಮೇಲೆ ಮಂಡಿಯೂರಿ ಕುಳಿತು, ಎರಡೂ ಅಂಗೈಗಳನ್ನು ಮುಂದೆ ಊರಿ ತಲೆ ಬಾಗಿಸಿದರೆ ಅದೇ ಅವರ ಪೂರ್ಣ ನಮಸ್ಕಾರ. ಆದರೆ ಅದಕ್ಕಿಂತ ಹೆಚ್ಚಿನದೊಂದು ನಿಮ್ಮ ಕೈಯಲ್ಲಿದೆ. ಮನೆಯಲ್ಲಿ ಬುತ್ಸುದಾನ್ ಎಂಬ ಪಿತೃಗಳ ಪೂಜಾಪೀಠವಿದ್ದರೆ, ಒಳಗೆ ಹೋದ ಕೂಡಲೇ ಅದರ ಮುಂದೆ ಕುಳಿತು ಧೂಪ ಹಚ್ಚಿ, ಗಂಟೆ ತಟ್ಟಿ, ಕೈಮುಗಿಯಲು ಅಪ್ಪಣೆ ಕೇಳಿರಿ. ಧೂಪದ ಉರಿಯನ್ನು ಬಾಯಿಂದ ಊದದೆ ಕೈ ಬೀಸಿ ಆರಿಸಬೇಕು. ನೀವು ಒಯ್ದ ಕಾಣಿಕೆಯೂ ಮೊದಲು ಅಲ್ಲಿಗೇ ಸೇರುತ್ತದೆ. ಶ್ರೀಗಂಧದ ಪರಿಮಳ ಅಲ್ಲಿಯವರಿಗೂ ಪ್ರಿಯವೇ, ಆದರೆ ನಮ್ಮ ಊದುಬತ್ತಿಯ ಬಿದಿರು ಕಡ್ಡಿ ಅವರ ಬೂದಿಯ ಬಟ್ಟಲಲ್ಲಿ ಉರಿಯದೆ ಉಳಿಯುತ್ತದೆ. ಆದ್ದರಿಂದ ಕಡ್ಡಿಯಿಲ್ಲದ ಧೂಪವನ್ನೇ ಒಯ್ಯಿರಿ. ಮಹಾಲಯದ ಪಕ್ಷದಲ್ಲಿ ಎಡೆ ಇಡುವುದನ್ನು ಕಂಡು ಬೆಳೆದ ನಿಮಗೆ ಆಗಸ್ಟ್ 13ರಂದು ಹಿರಿಯರನ್ನು ಬೆಂಕಿ ಹಚ್ಚಿ ಬರಮಾಡಿಕೊಳ್ಳುವುದು, 16ರಂದು ಹಾಗೆಯೇ ಬೀಳ್ಕೊಡುವುದು, ಹಿರಿಯರು ಬೇಗ ಬರಲೆಂದು ಸೌತೆಕಾಯಿಯ ಕುದುರೆಯನ್ನೂ ನಿಧಾನವಾಗಿ ಹೋಗಲೆಂದು ಬದನೆಕಾಯಿಯ ಹಸುವನ್ನೂ ಮಾಡಿಡುವುದು, ಇವೆಲ್ಲದರ ಭಾವ ವಿವರಣೆಯಿಲ್ಲದೆಯೇ ತಿಳಿದೀತು.

ಸ್ನಾನದ ಬಗ್ಗೆ ಅಳುಕು ಬೇಡ. ತೊಟ್ಟಿಯ ಹೊರಗೆ ಸೋಪು ಹಚ್ಚಿ ಮೈ ಪೂರ್ತಿ ತೊಳೆದುಕೊಂಡ ಮೇಲೆಯೇ, ಒಬ್ಬರಾದ ಮೇಲೊಬ್ಬರಂತೆ ಬಿಸಿನೀರಿಗೆ ಇಳಿಯುತ್ತಾರೆ. ಅತಿಥಿಗೆ ಮೊದಲ ಸರದಿ ಕೊಡುವುದು ರೂಢಿ. ಮುಗಿಸಿದ ಮೇಲೆ ನೀರನ್ನು ಹೊರಬಿಡದಿದ್ದರಾಯಿತು. ಇಳಿಯಲು ಮನಸ್ಸಾಗದಿದ್ದರೆ ಹೊರಗೇ ಮಿಂದು ಬಂದರೂ ಯಾರೂ ತಪ್ಪು ತಿಳಿಯುವುದಿಲ್ಲ.

ಇನ್ನು ಕೆಲಸದ ಮಾತು. ನಿಮ್ಮ ತಾಯಿಯವರ ಮಾತಿನ ಹಿಂದಿರುವ ಕಾಳಜಿಯನ್ನು ಗೌರವಿಸುತ್ತಲೇ ಹೇಳುತ್ತೇನೆ: ಬೇರೊಬ್ಬರ ಅಡುಗೆಮನೆಗೆ ಒತ್ತಾಯದಿಂದ ನುಗ್ಗುವುದು ಅಲ್ಲಿ ಸಹಾಯವೆನಿಸುವುದಿಲ್ಲ. ಒಂದೆರಡು ಬಾರಿ ಕೇಳಿ, ಬೇಡವೆಂದರೆ ಊಟದ ನಂತರ ತಟ್ಟೆಗಳನ್ನು ಎತ್ತಿಕೊಡಿ. ಮಾತೂ ಒಂದು ತೊಡಕಾದೀತು. ಅಕಿತಾದ ಆಡುನುಡಿ ಟೋಕಿಯೊದವರಿಗೇ ಸರಿಯಾಗಿ ತಿಳಿಯುವುದಿಲ್ಲ, ನಿಮಗೆ ತಿಳಿಯದಿದ್ದರೆ ಅದು ನಿಮ್ಮ ಕೊರತೆಯಲ್ಲ. ಮಾತಿಲ್ಲದೆಯೂ ಜೊತೆಯಾಗಿ ಮಾಡಬಹುದಾದ ಕೆಲಸವೊಂದಿದೆ. ಹಬ್ಬಕ್ಕೆ ಮೊದಲು ಮನೆಯವರು ಹಿರಿಯರ ಸಮಾಧಿಗೆ ಹೋಗಿ ಕಳೆ ಕಿತ್ತು, ಕಲ್ಲು ತೊಳೆದು, ಹೂವಿಟ್ಟು ಬರುತ್ತಾರೆ. ಅಕಿತಾ ಜಪಾನಿನ ಪ್ರಾಂತ್ಯಗಳಲ್ಲೇ ವೃದ್ಧರ ಪ್ರಮಾಣ ಅತಿ ಹೆಚ್ಚಿರುವ ಪ್ರಾಂತ್ಯ, ಅಲ್ಲಿನ ಜನರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿನವರು 65 ದಾಟಿದವರು. ಹೀಗಿರುವಾಗ ಬಗ್ಗಿ ಕಳೆ ಕೀಳಬಲ್ಲ ಎರಡು ಕೈಗಳು ನಿಮ್ಮ ಅತ್ತೆಗೆ ನಿಜಕ್ಕೂ ನೆರವಾಗುತ್ತವೆ, ಮತ್ತು ಅದು ಅತಿಥಿಯ ಕೆಲಸವಲ್ಲ, ಮನೆಯವರದೇ. ಆದ್ದರಿಂದ 13ರ ಬದಲು 11ಕ್ಕೇ ತಲುಪುವಂತೆ ಹೊರಡಿ. ಯೋಕೊತೆಗೆ ರೈಲು ಬದಲಿಸುವ ಓಮಾಗರಿ ನಿಲ್ದಾಣದವರೆಗಿನ ಕೊಮಾಚಿ ಎಂಬ ವೇಗದ ರೈಲಿನ ಆಸನಗಳೆಲ್ಲ ಮುಂಗಡ ಕಾದಿರಿಸುವಂಥವು. ಟಿಕೆಟ್ ಪ್ರಯಾಣಕ್ಕೆ ಸರಿಯಾಗಿ ಒಂದು ತಿಂಗಳು ಮೊದಲು ಬೆಳಿಗ್ಗೆ 10ಕ್ಕೆ ತೆರೆಯುತ್ತದೆ, ಹಬ್ಬದ ದಿನಗಳಲ್ಲಿ ಬೇಗ ಮುಗಿದುಹೋಗುತ್ತದೆ. ಸಾಧ್ಯವಾದರೆ 16ರ ಸಂಜೆಯವರೆಗಾದರೂ ಇದ್ದು, ಹತ್ತಿರದ ಉಗೊ ಪಟ್ಟಣದ ನಿಶಿಮೊನಾಯಿಯಲ್ಲಿ ಅಂದು ಆರಂಭವಾಗುವ ಬೋನ್ ನೃತ್ಯವನ್ನು ಅತ್ತೆ, ಮಾವನವರ ಜೊತೆ ನೋಡಿಕೊಂಡು ಬನ್ನಿ.