ಪಾರ್ಕ್ ರಸ್ತೆಗಿಂತ ತಗ್ಗಿನಲ್ಲಿರಲಿ

ಪ್ರಶ್ನೆ: ಮುಚ್ಚಿಹೋದ ಕಾರ್ಖಾನೆಯ ಜಾಗ ಮತ್ತು ಅದರ ಸುತ್ತಲಿನ ಹಳೆಯ ಬಡಾವಣೆಯನ್ನು ಹೊಸದಾಗಿ ಕಟ್ಟುವ ಯೋಜನೆ ಸಿದ್ಧವಾಗುತ್ತಿದೆ. ನಾನು ನಿವಾಸಿಗಳ ಸಮಿತಿಯಲ್ಲಿದ್ದೇನೆ. ನಕ್ಷೆಯ ಒಂದು ಮೂಲೆಯಲ್ಲಿ ಪಾರ್ಕ್ ತೋರಿಸಿದ್ದಾರೆ. ಮಳೆನೀರನ್ನು ಅಲ್ಲೇ ಇಂಗಿಸಬಹುದಲ್ವಾ ಎಂದು ಕೇಳಿದರೆ, ಸೊಳ್ಳೆ ಜಾಸ್ತಿಯಾಗುತ್ತದೆ, ದೊಡ್ಡ ಚರಂಡಿ ಇದ್ದರೆ ಸಾಕು ಎನ್ನುತ್ತಾರೆ. ನಾವು ಏನು ಕೇಳಬೇಕು?

ಉತ್ತರ: ಪಾರ್ಕ್ ಎಷ್ಟು ದೊಡ್ಡದು ಅನ್ನುವುದನ್ನು ಆಮೇಲೆ ನೋಡಿ. ಮೊದಲು ನೆಲದ ಮಟ್ಟ ಕೇಳಿ. ಜೋರು ಮಳೆ ಬಂದಾಗ ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಹಳೆಯ ನಿವಾಸಿಗಳಿಗೆ ಚೆನ್ನಾಗಿ ಗೊತ್ತಿರುತ್ತದೆ. ಆ ತಗ್ಗನ್ನೇ ಪಾರ್ಕಿಗೆ ಬಿಡಿಸಿಕೊಳ್ಳಿ. ಕಟ್ಟಡಗಳಿಗೆ ಜಾಗ ಹಂಚಿ ಮಿಕ್ಕ ಮೂಲೆಯಲ್ಲಿ ಹುಲ್ಲು ಹಾಕಿದರೆ ನೋಡಲು ಚೆಂದ, ಅಷ್ಟೇ. ಮಣ್ಣು ತುಂಬಿ ಎತ್ತರಿಸಿ ಸುತ್ತ ಕಟ್ಟೆ ಕಟ್ಟಿಬಿಟ್ಟರಂತೂ ಪಾರ್ಕಿನ ನೀರೇ ರಸ್ತೆಗೆ ಇಳಿಯುತ್ತದೆ.

ದೊಡ್ಡ ಚರಂಡಿ ಸಾಕು ಎನ್ನುವವರಿಗೆ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ ನಗರದ ವಿಷಯ ಹೇಳಿ. 2011ರ ಜುಲೈ 2ರಂದು ಅಲ್ಲಿ ಎರಡು ಮೂರು ಗಂಟೆಗಳಲ್ಲೇ ಕೆಲವೆಡೆ ಸುಮಾರು 150 ಮಿಲಿಮೀಟರ್ ಮಳೆ ಸುರಿಯಿತು. ಅಷ್ಟು ನೀರನ್ನು ಕೊಳವೆಗಳಲ್ಲೇ ಸಾಗಿಸಲು ಹೊರಟರೆ ಖರ್ಚು ವಿಪರೀತ. ಹಾಗಾಗಿ ಮರುವರ್ಷವೇ ನಗರ ಹೊಸ ಯೋಜನೆ ಮಾಡಿತು: ರಸ್ತೆ, ಚೌಕ, ಪಾರ್ಕುಗಳೇ ಸ್ವಲ್ಪ ಹೊತ್ತು ನೀರು ಹಿಡಿದಿಡಬೇಕು. ಅಲ್ಲಿನ ಎಂಗ್‌ಹೇವ್ ಪಾರ್ಕ್ ಈಗ 22,000 ಘನ ಮೀಟರಿಗೂ ಹೆಚ್ಚು ನೀರು ಹಿಡಿಯುತ್ತದೆ. ಮಳೆಯಿಲ್ಲದ ದಿನ ಅದೇ ತಗ್ಗಿನಲ್ಲಿ ಜನ ಆಡುತ್ತಾರೆ. ಸಿಂಗಾಪುರದ ಬಿಷನ್ ಪಾರ್ಕ್ ಪಕ್ಕದಲ್ಲಿ 2.7 ಕಿಲೋಮೀಟರ್ ಉದ್ದದ ನೇರ ಕಾಂಕ್ರೀಟ್ ಕಾಲುವೆಯನ್ನು ಒಡೆದು, 3.2 ಕಿಲೋಮೀಟರ್ ಅಂಕುಡೊಂಕಾದ ನದಿ ಮಾಡಿದರು. 2012ರಲ್ಲಿ ಮುಗಿದ ಕೆಲಸ ಅದು. ಮಳೆ ಜೋರಾದಾಗ ನದಿ ಪಾರ್ಕಿನೊಳಗೇ ಹರಡಿಕೊಳ್ಳುತ್ತದೆ.

ಸೊಳ್ಳೆಯ ಭಯ ಸುಳ್ಳಲ್ಲ. ಆದರೆ ಮೊಟ್ಟೆಯೊಡೆದು ಸೊಳ್ಳೆಯಾಗಿ ಹಾರಲು ಸಾಮಾನ್ಯವಾಗಿ ಒಂದು ವಾರವಾದರೂ ಬೇಕು. ಚೆನ್ನಾಗಿ ಮಾಡಿದ ಮಳೆತೋಟದಲ್ಲಿ, ಅಂದರೆ ಮಳೆನೀರು ಇಂಗಲೆಂದು ಗಿಡ ನೆಟ್ಟ ತಗ್ಗಿನಲ್ಲಿ, ನೀರು ಒಂದೆರಡು ದಿನದಲ್ಲಿ ಖಾಲಿಯಾಗಬೇಕು. ಇದನ್ನು ನೀವೇ ಅಂದಾಜು ಮಾಡಬಹುದು. ಒಂದೂವರೆ ಅಡಿ ಆಳದ ಗುಂಡಿ ತೋಡಿ ನೀರು ತುಂಬಿ. ಅದು ಇಂಗಿದ ಮೇಲೆ ಮತ್ತೆ ತುಂಬಿ. ಒಣ ಮಣ್ಣು ಮೊದಲ ಸಲ ಸಿಕ್ಕಿದ್ದನ್ನೆಲ್ಲ ಹೀರುತ್ತದೆ, ಆದ್ದರಿಂದ ಎರಡನೇ ಸಲ ಎಷ್ಟು ಹೊತ್ತು ಹಿಡಿಯಿತು ಅನ್ನುವುದೇ ಲೆಕ್ಕ. ಮರುದಿನವೂ ನೀರು ಹಾಗೇ ಇದ್ದರೆ ಅದು ಜೇಡಿಮಣ್ಣಿರಬಹುದು. ಆಗ ಜಲ್ಲಿಯ ಪದರದಲ್ಲಿ ತೂತುಗಳಿರುವ ಪೈಪ್ ಇಟ್ಟು, ಹೆಚ್ಚಿನ ನೀರನ್ನು ಚರಂಡಿಗೆ ಬಿಡಬೇಕು.

ನಿಮ್ಮದು ಕಾರ್ಖಾನೆಯ ಜಾಗ, ಇದನ್ನು ಮರೆಯಬೇಡಿ. ನೆಲದಲ್ಲಿ ಎಣ್ಣೆ, ಸೀಸ, ರಾಸಾಯನಿಕ ಉಳಿದಿರಬಹುದು. ಅಲ್ಲಿ ನೀರು ಇಂಗಿಸಿದರೆ ಆ ವಿಷ ಅಂತರ್ಜಲಕ್ಕೆ ಇಳಿಯುತ್ತದೆ. ಗುಂಡಿ ತೋಡುವುದಕ್ಕೂ ಮೊದಲು ಮಣ್ಣು ಪರೀಕ್ಷೆಯ ವರದಿ ಕೇಳಿ. ಕೆಟ್ಟ ಮಣ್ಣಿರುವ ಕಡೆ ತಳಕ್ಕೆ ನೀರು ಇಳಿಯದ ಹಾಳೆ ಹಾಸಿ, ನೀರನ್ನು ಹಿಡಿದಿಟ್ಟು ನಿಧಾನವಾಗಿ ಹೊರಬಿಡುವುದೇ ಸರಿ.

ಈಗಿರುವ ಮರಗಳ ಬಗ್ಗೆ ಪಟ್ಟು ಹಿಡಿಯಿರಿ. ಒಂದು ಹಳೆಯ ಮರದ ನೆರಳನ್ನು ಹತ್ತು ಹೊಸ ಸಸಿಗಳು ಬಹಳ ವರ್ಷ ಕೊಡಲಾರವು. ಮರ ಉಳಿಸುತ್ತೇವೆ ಎಂದು ಕಾಂಡಕ್ಕೆ ಗೋಣಿಚೀಲ ಸುತ್ತಿ, ಬೇರಿನ ಮೇಲೆಯೇ ಲಾರಿ ಓಡಿಸುತ್ತಾರೆ. ಆಹಾರ ಹೀರುವ ಬೇರುಗಳು ಹೆಚ್ಚಾಗಿ ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ ಇರುತ್ತವೆ. ಮಣ್ಣು ಗಟ್ಟಿಯಾದರೆ ಗಾಳಿ ಆಡುವುದಿಲ್ಲ. ಮರ ಕೂಡಲೇ ಸಾಯದೆ ಕೆಲವು ವರ್ಷ ಒಣಗುತ್ತಾ ಹೋಗುತ್ತದೆ. ಆ ಹೊತ್ತಿಗೆ ಗುತ್ತಿಗೆದಾರ ಬಿಲ್ ತೆಗೆದುಕೊಂಡು ಹೋಗಿರುತ್ತಾನೆ. ಕೊಂಬೆಗಳು ಹರಡಿರುವಷ್ಟು ಅಗಲಕ್ಕೆ ಬೇಲಿ ಹಾಕಬೇಕು ಎಂದು ಟೆಂಡರಿನಲ್ಲೇ ಬರೆಸಿ. ಪಾರ್ಕಿಗೆ ಮಳೆನೀರು ಒಳಬರುವ ಕಂಡಿಯ ಹೂಳು ಯಾರು ತೆಗೆಯಬೇಕು, ಅದಕ್ಕೆ ಹಣ ಎಲ್ಲಿಂದ ಅನ್ನುವುದೂ ಅಲ್ಲೇ ಬರಲಿ.

ಪ್ರಶ್ನೆ: ಪಾರ್ಕ್ ಬಂದರೆ ಬಾಡಿಗೆ ಏರಿ ನಾವೇ ಜಾಗ ಬಿಡಬೇಕಾಗುತ್ತದೆಯೇ?

ಉತ್ತರ: ಆ ಅಪಾಯ ಖಂಡಿತ ಇದೆ. ನ್ಯೂಯಾರ್ಕಿನ ಹಳೆಯ ರೈಲು ಸೇತುವೆಯ ಮೇಲೆ 2009ರಲ್ಲಿ ಹೈ ಲೈನ್ ಪಾರ್ಕ್ ತೆರೆದ ಮೇಲೆ ಅದರ ಅಕ್ಕಪಕ್ಕ ಮನೆಗಳ ಬೆಲೆ ಬಹಳ ಏರಿತು. ಪಾರ್ಕ್ ಆದ ಮೇಲೆ ಈ ಮಾತು ಎತ್ತಿದರೆ ತಡವಾಗುತ್ತದೆ. ಈಗಿರುವ ಬಾಡಿಗೆದಾರರ ಪಟ್ಟಿ, ಅವರಿಗೆ ಅದೇ ಬಡಾವಣೆಯಲ್ಲಿ ಕೈಗೆಟಕುವ ಮನೆ ಕೊಡುವ ಷರತ್ತು, ಇವೆರಡನ್ನೂ ನಕ್ಷೆಗೆ ಒಪ್ಪಿಗೆ ಕೊಡುವ ಮುನ್ನವೇ ಲಿಖಿತವಾಗಿ ಪಡೆಯಿರಿ.