ಓದುಗರ ಪ್ರಶ್ನೆ: ಹಾಯಿದೋಣಿಯಲ್ಲಿ ಸಾಗರ ದಾಟುವವರಿಗೆ

ಪ್ರಶ್ನೆ: ಓದಲೆಂದು ಲಿಸ್ಬನ್‌ನಲ್ಲಿದ್ದೇನೆ. ಬಹಳ ವರ್ಷ ಕಡಲು ಸುತ್ತಿದ ಕಪ್ತಾನರೊಬ್ಬರು 43 ಅಡಿಯ ಹಾಯಿದೋಣಿಯಲ್ಲಿ ನವೆಂಬರ್ ಕೊನೆಗೆ ಕ್ಯಾನರಿ ದ್ವೀಪಗಳ ಲಾಸ್ ಪಾಲ್ಮಾಸ್‌ನಿಂದ ಕೆರಿಬಿಯನ್‌ನ ಸೇಂಟ್ ಲೂಸಿಯಾಕ್ಕೆ ಹೊರಟಿದ್ದಾರೆ. ಒಟ್ಟು ನಾಲ್ಕು ಜನ ಬೇಕಂತೆ. "ಅನುಭವ ಇಲ್ಲದಿದ್ದರೂ ಪರವಾಗಿಲ್ಲ, ಖರ್ಚು ಹಂಚಿಕೊಳ್ಳಿ" ಎನ್ನುತ್ತಾರೆ. ಒಪ್ಪಬಹುದೇ?
– ಧಾರವಾಡ ಮೂಲದ ವಿದ್ಯಾರ್ಥಿನಿ

ಉತ್ತರ: ಕಾಲವೂ ದಾರಿಯೂ ಸರಿಯಾಗಿವೆ. ಜೂನ್‌ನಿಂದ ನವೆಂಬರ್‌ವರೆಗಿನ ಹರಿಕೇನ್ ಕಾಲ ಮುಗಿಯುತ್ತಿದ್ದಂತೆ ಈಶಾನ್ಯದ ವಾಣಿಜ್ಯ ಮಾರುತ ನೆಲೆಗೊಳ್ಳುತ್ತದೆ. ದೂರ ಸುಮಾರು 2,700 ನಾಟಿಕಲ್ ಮೈಲು, ಅಂದರೆ ಸುಮಾರು 5,000 ಕಿ.ಮೀ. ಈ ಅಳತೆಯ ದೋಣಿಗೆ ಹೆಚ್ಚುಕಡಿಮೆ ಮೂರು ವಾರ ಬೇಕು. ಕಪ್ತಾನ ನಿಮ್ಮನ್ನು ಪರೀಕ್ಷಿಸುವ ಮೊದಲು ನೀವು ಅವರನ್ನೂ ದೋಣಿಯನ್ನೂ ಪರೀಕ್ಷಿಸಿ. ಒಳ್ಳೆಯ ಕಪ್ತಾನರು ಇದಕ್ಕೆ ಬೇಸರಪಡುವುದಿಲ್ಲ. ಬೇಸರಪಟ್ಟರೆ ನಿಮ್ಮ ಕೆಲಸ ಅಲ್ಲಿಗೇ ಸುಲಭವಾಯಿತು, ಬೇರೆ ದೋಣಿ ನೋಡಿ.

ಮೊದಲ ಪ್ರಶ್ನೆ: "ನಡುಗಡಲಿನಲ್ಲಿ ನೀವೇ ಕಾಯಿಲೆ ಬಿದ್ದರೆ ದೋಣಿ ನಡೆಸುವವರು ಯಾರು?" ಉಳಿದ ಮೂವರೂ ಹೊಸಬರಾದರೆ ಹೋಗಬೇಡಿ. ಒಬ್ಬರಿಗಾದರೂ ಹಾಯಿ ಇಳಿಸಿ ಕಟ್ಟಲು, ರೇಡಿಯೊದಲ್ಲಿ ಸಹಾಯ ಕೇಳಲು, ದೋಣಿಯನ್ನು ದಡ ಮುಟ್ಟಿಸಲು ಬರಬೇಕು.

ಖರ್ಚಿನ ವಿಷಯ. ಊಟ, ಡೀಸೆಲ್, ಬಂದರು ಶುಲ್ಕ ಹಂಚಿಕೊಳ್ಳುವುದು ವಾಡಿಕೆ. ದೋಣಿಯ ರಿಪೇರಿ, ವಿಮೆ ಮಾಲೀಕರ ಹೊರೆ. ದಿನಕ್ಕಿಷ್ಟು ಎಂದು ಲಾಭವಿಟ್ಟು ಕೇಳಿದರೆ ಅದು ಪ್ರಯಾಣಿಕರನ್ನು ಸಾಗಿಸುವ ವ್ಯಾಪಾರ. ಅದಕ್ಕೆ ಸಾಮಾನ್ಯವಾಗಿ ಬೇರೆ ಪರವಾನಗಿ ಬೇಕು, ಖಾಸಗಿ ವಿಮೆ ಕೈಕೊಡಬಹುದು.

ದೋಣಿ ಹತ್ತಿದಾಗ ಇವನ್ನು ನಿಮ್ಮ ಕಣ್ಣಿನಿಂದಲೇ ನೋಡಿ. ದೋಣಿ ಮುಳುಗಿದರೆ ಹತ್ತುವ ಉಬ್ಬುವ ತೆಪ್ಪ, ಲೈಫ್‌ರಾಫ್ಟ್ ಮೇಲಿನ ಮುಂದಿನ ಸರ್ವಿಸ್ ದಿನಾಂಕ. ಅಪಾಯದಲ್ಲಿ ಉಪಗ್ರಹಕ್ಕೆ ಸಂಕೇತ ಕಳಿಸುವ ಇಪಿಐಆರ್‌ಬಿಯ ಬ್ಯಾಟರಿ ಅವಧಿ, ಅದು ಇದೇ ದೋಣಿಯ ಹೆಸರಿನಲ್ಲಿ ನೋಂದಣಿಯಾಗಿದೆಯೇ ಎಂಬುದು. ತಾನಾಗಿ ಉಬ್ಬುವ ಲೈಫ್ ಜಾಕೆಟ್‌ನ ಗ್ಯಾಸ್ ಸಿಲಿಂಡರನ್ನು ಬಿಚ್ಚಿ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿ. ಅದರ ಮೇಲೆ ಅಚ್ಚೊತ್ತಿದ ತೂಕಕ್ಕಿಂತ ಕಡಿಮೆ ಬಂದರೆ ಗ್ಯಾಸ್ ಸೋರಿದೆ. ಜಾಕೆಟ್‌ಗೆ ತೊಡೆಯ ನಡುವಿನ ಪಟ್ಟಿ ಇರಲೇಬೇಕು, ಇಲ್ಲದಿದ್ದರೆ ನೀರಿಗೆ ಬಿದ್ದಾಗ ಜಾಕೆಟ್ ಮುಖದ ಮೇಲಕ್ಕೆ ಸರಿದುಬಿಡುತ್ತದೆ. ಆಮೇಲೆ ಹಾಯಿ ಕಟ್ಟುವ ಕೂವೆಮರವನ್ನು ಹಿಡಿದಿರುವ ಸ್ಟೀಲ್ ತಂತಿಗಳು. ಹತ್ತು ವರ್ಷ ದಾಟಿದ್ದರೆ ಬದಲಿಸಿದ ದಾಖಲೆ ಕೇಳಿ. ತಂತಿ ಕೆಳಗಿನ ಫಿಟ್ಟಿಂಗ್ ಒಳಗೆ ಹೋಗುವ ಕಡೆ ಹತ್ತಿ ಉಜ್ಜಿದರೆ, ಎಳೆ ತುಂಡಾಗಿರುವಲ್ಲಿ ಹತ್ತಿ ಸಿಕ್ಕಿಕೊಳ್ಳುತ್ತದೆ.

ಈ ದಾರಿಯಲ್ಲಿ ಕೆಡುವುದು ಹೆಚ್ಚಾಗಿ ಆಟೊಪೈಲಟ್ ಮತ್ತು ಹಗ್ಗಗಳು. ಅಲೆ ಹಿಂದಿನಿಂದ ತಳ್ಳುವುದರಿಂದ ಆಟೊಪೈಲಟ್ ಹಗಲೂ ರಾತ್ರಿ ಚುಕ್ಕಾಣಿಯನ್ನು ತಿದ್ದುತ್ತಲೇ ಇರಬೇಕು. ಅದು ಕೆಟ್ಟರೆ ನಾಲ್ವರೂ ದಿನಕ್ಕೆ ತಲಾ ಆರು ಗಂಟೆ ಕೈಯಲ್ಲೇ ಚುಕ್ಕಾಣಿ ಹಿಡಿಯಬೇಕು. ಎರಡನೆಯ ಆಟೊಪೈಲಟ್ ಅಥವಾ ಗಾಳಿಯಿಂದ ನಡೆಯುವ ವಿಂಡ್‌ವೇನ್ ಇದೆಯೇ ಕೇಳಿ. ಹಾಯಿ ಎತ್ತುವ ಹಗ್ಗ ಒಂದೇ ಜಾಗದಲ್ಲಿ ರಾಟೆಗೆ ಉಜ್ಜಿ ಸವೆಯುತ್ತದೆ. ದಿನಕ್ಕೊಮ್ಮೆ ಒಂದೆರಡು ಇಂಚು ಸಡಿಲಿಸಿ ಜಾಗ ಬದಲಿಸಬೇಕು. ದೊಡ್ಡ ಹಾಯಿಯ ತಳ ಹಿಡಿದಿರುವ ಅಡ್ಡಗೋಲು, ಅಂದರೆ ಬೂಮ್‌ನ ತುದಿಯಿಂದ ಮುಂಭಾಗಕ್ಕೆ ತಡೆಹಗ್ಗ ಕಟ್ಟದೆ ಸಾಗುವ ಕಪ್ತಾನರ ಜೊತೆ ಹೋಗುವುದು ಬೇಡ. ಗಾಳಿ ಹಾಯಿಯ ಹಿಂದಕ್ಕೆ ಹೊಕ್ಕರೆ ಬೂಮ್ ಒಮ್ಮೆಲೇ ಆಚೆಗೆ ಬೀಸುತ್ತದೆ, ಅಡ್ಡ ಸಿಕ್ಕ ತಲೆ ಉಳಿಯುವುದಿಲ್ಲ.

ಒಪ್ಪುವ ಮೊದಲು ಹಿಂದೆ ಅವರ ಜೊತೆ ಹೋದ ಇಬ್ಬರ ಹತ್ತಿರ ಮಾತಾಡಿ, ಅದರಲ್ಲಿ ಒಬ್ಬರು ಹೆಣ್ಣುಮಗಳಾಗಿರಲಿ. ರಾತ್ರಿಯೂ ಸೇರಿದಂತೆ ಎರಡು ದಿನ ಕರಾವಳಿಯಲ್ಲೇ ಒಟ್ಟಿಗೆ ಸಾಗಿ ನೋಡಿ. ವಾಪಸ್ ವಿಮಾನದ ಹಣ ನಿಮ್ಮ ಖಾತೆಯಲ್ಲೇ ಇರಲಿ.

ಪ್ರಶ್ನೆ: ಮಲ್ಪೆಯಿಂದ ಆಳಸಮುದ್ರದ ಬೋಟಿನಲ್ಲಿ ಹತ್ತು ದಿನದ ಟ್ರಿಪ್ ಹೋಗುವವನು ನಾನು. ಹಾಯಿ ಮುಟ್ಟಿದವನಲ್ಲ. ನನ್ನಂಥವರನ್ನು ತಗೊಳ್ತಾರಾ?
– ಮಲ್ಪೆಯ ಓದುಗ

ಉತ್ತರ: ಅರ್ಧ ಕೆಲಸ ನಿಮಗೆ ಆಗಲೇ ಗೊತ್ತು. ಹೊರಳಾಡುವ ಬೋಟಿನಲ್ಲಿ ನಿದ್ದೆ ಮಾಡಲು, ರಾತ್ರಿ ದೂರದ ದೀಪ ನೋಡಿ ಹಡಗು ಯಾವ ಕಡೆ ಹೋಗುತ್ತಿದೆ ಎಂದು ಹೇಳಲು ಹೊಸಬರು ತಿಂಗಳುಗಟ್ಟಲೆ ಒದ್ದಾಡುತ್ತಾರೆ. ಇಂಜಿನ್ ಕೆಲಸವೂ ಬಂದರೆ ಇನ್ನೂ ಬೆಲೆ. ಅಲೆಯ ಏಟಿಗೆ ಡೀಸೆಲ್ ಟ್ಯಾಂಕಿನ ತಳದ ಕೆಸರು ಕದಡಿ ಫಿಲ್ಟರ್ ಕಟ್ಟಿಕೊಳ್ಳುವುದು ಸಾಮಾನ್ಯ. ಫಿಲ್ಟರ್ ಬದಲಿಸಿ ಲೈನಿನ ಗಾಳಿ ತೆಗೆಯಬಲ್ಲವರು ಸಿಕ್ಕರೆ ಕಪ್ತಾನರು ಬಿಡುವುದಿಲ್ಲ. ಅರ್ಜಿಯಲ್ಲಿ ಇದನ್ನೇ ಮೊದಲು ಬರೆಯಿರಿ.

ಕಲಿಯಬೇಕಾದದ್ದು ಹಾಯಿ, ಅದರಲ್ಲೂ ಹಾಯಿ ಕುಗ್ಗಿಸುವುದು. ಬೆನ್ನ ಹಿಂದೆ 20 ನಾಟ್ (ಗಂಟೆಗೆ 20 ನಾಟಿಕಲ್ ಮೈಲು) ಗಾಳಿ, ದೋಣಿಯ ವೇಗ 7 ನಾಟ್ ಎಂದರೆ ಡೆಕ್ ಮೇಲೆ ಮೈಗೆ ತಾಗುವುದು 13 ನಾಟ್ ಮಾತ್ರ. ಹಿತವಾಗಿದೆ ಎಂದು ಹಾಯಿಯನ್ನು ಪೂರ್ತಿ ಬಿಟ್ಟಿರುತ್ತಾರೆ. ಯಾರೋ ನೀರಿಗೆ ಬಿದ್ದರೆಂದು ದೋಣಿ ತಿರುಗಿಸಿದ ಕ್ಷಣ ಅದೇ ಗಾಳಿ 25 ನಾಟ್ ದಾಟಿ ಹೊಡೆಯುತ್ತದೆ. ಕತ್ತಲಾಗುವ ಮೊದಲೇ ಹಾಯಿ ಕುಗ್ಗಿಸುವುದು ಅದಕ್ಕೇ.

ಜೂನ್–ಜುಲೈನ 61 ದಿನದ ಮೀನುಗಾರಿಕೆ ನಿಷೇಧದಲ್ಲಿ ಕಲಿಯಬಹುದು. ಹೈದರಾಬಾದಿನ ಹುಸೇನ್ ಸಾಗರದಲ್ಲಿ, ಚೆನ್ನೈ ಬಂದರಿನ ರಾಯಲ್ ಮದ್ರಾಸ್ ಯಾಟ್ ಕ್ಲಬ್‌ನಲ್ಲಿ ಸಣ್ಣ ಹಾಯಿದೋಣಿ ಕಲಿಸುತ್ತಾರೆ. ಬ್ರಿಟನ್ನಿನ ಆರ್‌ವೈಎ ಸಂಸ್ಥೆಯ 'ಕಾಂಪಿಟೆಂಟ್ ಕ್ರ್ಯೂ' ಐದು ದಿನದ ಕೋರ್ಸ್, ವಿದೇಶಿ ಕಪ್ತಾನರಿಗೆ ಅದರ ಪರಿಚಯವಿದೆ. ಒಂದು ಎಚ್ಚರಿಕೆ: ಇಂಥ ಪ್ರಯಾಣಗಳಲ್ಲಿ ಹೆಚ್ಚಿನವಕ್ಕೆ ಸಂಬಳ ಇಲ್ಲ. ಮನೆ ನಡೆಸುವ ದುಡಿಮೆ ಎಂದು ನಂಬಿ ಬೋಟು ಬಿಡಬೇಡಿ.

ಪ್ರಶ್ನೆ: ರಾತ್ರಿ ಕಾವಲಿನಲ್ಲಿ ಒಬ್ಬರೇ ಏನು ಮಾಡಬೇಕು? ಎಐಎಸ್ ಅಲಾರಂ ಇದೆಯಲ್ಲ?
– ಮೈಸೂರು

ಉತ್ತರ: ಎಐಎಸ್ ಎಂದರೆ ಹಡಗುಗಳು ತಾವಿರುವ ಜಾಗ, ವೇಗವನ್ನು ರೇಡಿಯೊದಲ್ಲಿ ತಾವೇ ಸಾರುವ ಸಾಧನ. ಅದು ತೋರಿಸುವುದು ಅದನ್ನು ಹಾಕಿಕೊಂಡ ಹಡಗನ್ನು ಮಾತ್ರ. ಎದುರಿನ ಹಡಗು 18 ನಾಟ್, ನೀವು 6 ನಾಟ್; ಎಂಟು ನಾಟಿಕಲ್ ಮೈಲು ದೂರದಲ್ಲಿ ಕಂಡ ದೀಪ ಇಪ್ಪತ್ತೇ ನಿಮಿಷದಲ್ಲಿ ಮೈಮೇಲಿರುತ್ತದೆ. ಹತ್ತು ನಿಮಿಷಕ್ಕೊಮ್ಮೆ ಎದ್ದು ಸುತ್ತಲೂ ನೋಡಿ, ಹಾಯಿಯ ಮರೆಯಲ್ಲೂ ಬಗ್ಗಿ ನೋಡಿ. ಒಳಗಿನಿಂದ ಮೇಲೆ ಬರುವಾಗ ಬಾಗಿಲಲ್ಲೇ ಸುರಕ್ಷಾ ಪಟ್ಟಿಯ ಕೊಕ್ಕೆ ಸಿಕ್ಕಿಸಿ, ಆಮೇಲೆ ಕಾಲಿಡಿ. 6 ನಾಟ್ ಅಂದರೆ ನಿಮಿಷಕ್ಕೆ 185 ಮೀಟರ್. ಬಿದ್ದವರ ಕೂಗು ಮಲಗಿದವರಿಗೆ ಕೇಳುವುದಿಲ್ಲ.

ಪ್ರಶ್ನೆ: ವಾಂತಿಗೆ ಏನು ಮಾಡುವುದು? ಸಸ್ಯಾಹಾರಿಗಳ ಗತಿ?
– ಶಿರಸಿ

ಉತ್ತರ: ವಾಂತಿ ಶುರುವಾದ ಮೇಲೆ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದು, ಹೊರಡುವ ಮೊದಲೇ ತೆಗೆದುಕೊಳ್ಳಬೇಕು. ಪ್ರೊಮೆಥಜಿನ್‌ನಂಥವು ನಿದ್ದೆ ಬರಿಸುತ್ತವೆ. ವೈದ್ಯರನ್ನು ಕೇಳಿ, ನೆಲದ ಮೇಲಿದ್ದಾಗಲೇ ಒಮ್ಮೆ ತೆಗೆದುಕೊಂಡು ನೋಡಿ. ಹೆಚ್ಚಿನವರಿಗೆ ಎರಡು ಮೂರು ದಿನದಲ್ಲಿ ಸರಿಹೋಗುತ್ತದೆ. ಅಲ್ಲಿಯವರೆಗೆ ಓಆರ್‌ಎಸ್ ಗುಟುಕರಿಸಿ, ದಿಗಂತ ನೋಡುತ್ತ ಚುಕ್ಕಾಣಿ ಹಿಡಿಯಿರಿ. ವಾಂತಿಗೆ ಅಂಚಿಗೆ ಬಗ್ಗಬೇಡಿ, ಬಕೆಟ್ ಸಾಕು.

ಊಟಕ್ಕೆ ಚಿಂತೆಯಿಲ್ಲ. ಮುಚ್ಚಳ ಬಿಗಿಯುವ ನಮ್ಮ ಕುಕ್ಕರ್ ಅಲ್ಲಿ ಎಲ್ಲ ಪಾತ್ರೆಗಳಿಗಿಂತ ಸುರಕ್ಷಿತ, ಉರುಳಿದರೂ ಚೆಲ್ಲದು. ಈರುಳ್ಳಿ, ಆಲೂಗಡ್ಡೆ, ಎಲೆಕೋಸು ವಾರಗಟ್ಟಲೆ ಇರುತ್ತವೆ. ಅವಲಕ್ಕಿ, ಚಟ್ನಿಪುಡಿ ಒಯ್ಯಿರಿ. ಕುಡಿಯಲು ತಲೆಗೆ ದಿನಕ್ಕೆ ಮೂರು ಲೀಟರ್ ಲೆಕ್ಕ. ಅಡುಗೆ ಮುಗಿದ ಕೂಡಲೇ ಸಿಲಿಂಡರ್ ವಾಲ್ವನ್ನೇ ಮುಚ್ಚಿ: ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ದೋಣಿಯ ತಳದಲ್ಲಿ ಸೇರಿಕೊಂಡು ಒಂದು ಕಿಡಿಗೆ ಸ್ಫೋಟಿಸುತ್ತದೆ.